ಜನರೆದುರು ಅಂಜುವವರಿಗೆ ಜೊತೆಗಾರರ ಗುಂಪು: ಕಟ್ಟುವುದು, ನಡೆಸುವುದು, ಹಾದಿ ತಪ್ಪದಂತೆ ನೋಡಿಕೊಳ್ಳುವುದು

ಜನರನ್ನು ಕಂಡರೆ ಅಂಜುವವರಿಗೆ ‘ಒಂದು ಗುಂಪು ಸೇರಿ’ ಎನ್ನುವ ಸಲಹೆ ಕೇಳಿದ ಕೂಡಲೇ ವಿಚಿತ್ರ ಅನ್ನಿಸುತ್ತದೆ. ಆದರೆ ಈ ಅಂಜಿಕೆ ಕರಗುವುದೂ ಜನರ ನಡುವೆಯೇ. ಕೋಣೆಯ ಬಾಗಿಲು ಹಾಕಿಕೊಂಡು ಎಷ್ಟು ಓದಿದರೂ ಎಷ್ಟು ವಿಡಿಯೊ ನೋಡಿದರೂ, ಕಾರವಾರದ ಮೀನು ಪೇಟೆಯಲ್ಲಿ ಬಂಗಡೆಯ ದರ ಕೇಳಬೇಕಾದಾಗ ನಾಲಿಗೆ ಒಣಗುವುದು ತಪ್ಪುವುದಿಲ್ಲ. ಅಭ್ಯಾಸಕ್ಕೆ ಎದುರಿಗೊಬ್ಬರು ಬೇಕು. ಅವರು ನಗಬಾರದು, ಹಾಗಂತ ‘ಏನೂ ಆಗಲ್ಲ ಬಿಡು’ ಅಂತ ಬೆನ್ನು ಸವರುತ್ತ ಕೂರಲೂಬಾರದು. ಅಂಥ ನಾಲ್ಕೈದು ಜನರನ್ನು ಸೇರಿಸಿ ಹನ್ನೆರಡು ವಾರ ಹೇಗೆ ನಡೆಸಬಹುದು ಎಂಬುದನ್ನು ಇಲ್ಲಿ ಬರೆದಿದ್ದೇವೆ. ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಕುಮಟಾ, ಅಂಕೋಲಾ, ಕಾರವಾರದಂಥ ಊರುಗಳನ್ನು ಕಣ್ಣೆದುರಿಗಿಟ್ಟುಕೊಂಡು ಬರೆದದ್ದು. ಬೆಂಗಳೂರಿನ ಗುಂಪಿಗಿಲ್ಲದ ಒಂದು ತೊಡಕು ಇಲ್ಲಿದೆ: ಇಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು.

ಸಂಕೋಚ ಎಲ್ಲಿ ಮುಗಿಯುತ್ತದೆ, ಆತಂಕ ಎಲ್ಲಿ ಶುರುವಾಗುತ್ತದೆ

ಸಂಕೋಚ ಸ್ವಭಾವ ಕಾಯಿಲೆಯಲ್ಲ. ಮುಖಹೇಡಿ ಅನ್ನಿಸಿಕೊಂಡವರು ಎಷ್ಟೋ ಜನ ಚೆನ್ನಾಗಿಯೇ ಬದುಕುತ್ತಾರೆ; ಹೊಸಬರ ಎದುರು ಹತ್ತು ನಿಮಿಷ ಬಿಗಿಯಾಗಿದ್ದು ಆಮೇಲೆ ಸಡಿಲಾಗುತ್ತಾರೆ. ಸಾಮಾಜಿಕ ಆತಂಕದ ಗುರುತೇ ಬೇರೆ. ‘ನನ್ನನ್ನು ನೋಡುತ್ತಾರೆ, ಅಳೆಯುತ್ತಾರೆ, ಮರ್ಯಾದೆ ಹೋಗುತ್ತದೆ’ ಎಂಬ ಭಯ ಆರು ತಿಂಗಳಿಗೂ ಮಿಕ್ಕಿ ಉಳಿದು, ಅದರಿಂದಾಗಿ ಕೆಲಸ, ಓದು, ನೆಂಟಸ್ತಿಕೆ ತಪ್ಪಿಹೋಗುತ್ತಿದ್ದರೆ ಅದನ್ನು ಆತಂಕ ಎನ್ನಬೇಕು. ಬಸ್ಸಿನಲ್ಲಿ ‘ಇಲ್ಲಿ ಇಳಿಯೋದಿದೆ’ ಎಂದು ಕೂಗಲಾರದೆ ಮುಂದಿನ ಸ್ಟಾಪಿನವರೆಗೆ ಹೋಗಿ ನಡೆದು ವಾಪಸು ಬರುವವರಿದ್ದಾರೆ. ಸಂದರ್ಶನದ ಕಾಗದ ಬಂದರೂ ಮನೆಯಲ್ಲಿ ಹೇಳದೆ ಮುಚ್ಚಿಟ್ಟವರಿದ್ದಾರೆ. ಸಾಮಾನ್ಯವಾಗಿ ಇದು ಹದಿಹರೆಯದಲ್ಲೇ ಶುರುವಾಗುತ್ತದೆ. ಮನೆಯವರು ‘ದೊಡ್ಡವನಾದ ಮೇಲೆ ಸರಿಯಾಗ್ತಾನೆ’ ಎನ್ನುತ್ತ ಹತ್ತು ವರ್ಷ ಕಳೆದಿರುತ್ತದೆ. ವೈದ್ಯರ ಪಟ್ಟಿಯಲ್ಲಿ ಇದಕ್ಕೆ ಪ್ರತ್ಯೇಕ ಹೆಸರು ಸಿಕ್ಕಿದ್ದು 1980ರಲ್ಲಿ, ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯಲ್ಲಿ.

ಅಂದಾಜು ಮಾಡಿಕೊಳ್ಳಲು ಮೂರು ಪ್ರಶ್ನೆಗಳ ಒಂದು ಪುಟ್ಟ ಅಳತೆ ಬಳಕೆಯಲ್ಲಿದೆ, ಹೆಸರು ಮಿನಿ ಸ್ಪಿನ್. ಮುಜುಗರವಾದೀತೆಂಬ ಭಯಕ್ಕೆ ಕೆಲಸಗಳನ್ನೋ ಜನರೊಡನೆ ಮಾತನ್ನೋ ತಪ್ಪಿಸುತ್ತೀರಾ? ಎಲ್ಲರ ಕಣ್ಣು ನಿಮ್ಮ ಮೇಲೆ ಬೀಳುವಂಥ ಸಂದರ್ಭಗಳಿಂದ ದೂರ ಉಳಿಯುತ್ತೀರಾ? ಮುಜುಗರಕ್ಕೀಡಾಗುವುದು, ಪೆದ್ದರಂತೆ ಕಾಣುವುದು ನಿಮ್ಮ ದೊಡ್ಡ ಭಯಗಳಲ್ಲೊಂದೇ? ಕಳೆದ ಒಂದು ವಾರವನ್ನು ನೆನೆದು ಒಂದೊಂದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಡಿ. ಮೊತ್ತ ಆರು ಅಥವಾ ಹೆಚ್ಚು ಬಂದರೆ ತಜ್ಞರನ್ನು ಕಾಣುವುದು ಒಳ್ಳೆಯದು. ಇದೇ ಕಾಯಿಲೆ ಎಂದು ಈ ಅಂಕಗಳೇ ತೀರ್ಪು ಕೊಡುವುದಿಲ್ಲ, ತಪಾಸಣೆ ಬೇಕು ಎಂದಷ್ಟೇ ಹೇಳುತ್ತವೆ. ಈ ಸಂಖ್ಯೆಯನ್ನು ಬರೆದಿಡಿ, ಮುಂದೆ ಬೇಕಾಗುತ್ತದೆ.

ಒಳಗೆ ಏನು ನಡೆಯುತ್ತದೆ

ಇದನ್ನು ತಿಳಿಯದೆ ಗುಂಪು ನಡೆಸಿದರೆ ಅದು ಹರಟೆ ಕಟ್ಟೆಯಾಗುತ್ತದೆ. ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ ಎಂಬ ಬ್ರಿಟಿಷ್ ಮನಃಶಾಸ್ತ್ರಜ್ಞರು 1995ರಲ್ಲಿ ಮುಂದಿಟ್ಟ ವಿವರಣೆ ಇವತ್ತಿಗೂ ಚಿಕಿತ್ಸೆಗೆ ತಳಹದಿ. ಅದನ್ನು ನಮ್ಮೂರಿನ ಒಂದು ಉದಾಹರಣೆಯಲ್ಲೇ ನೋಡೋಣ.

ಶಿರಸಿ ಕಡೆಯ ಒಂದು ಉಪನಯನದ ಮನೆ. ಪಂಕ್ತಿ ಕೂತಿದೆ, ಸಾರು ಬಡಿಸುವ ಪಾತ್ರೆ ಇಪ್ಪತ್ತೆರಡರ ಹುಡುಗನ ಕೈಗೆ ಬಂದಿದೆ. ಸೌಟು ಎತ್ತುವ ಮೊದಲೇ ಅವನ ಗಮನವೆಲ್ಲ ಎದುರಿನ ಎಲೆಯನ್ನು ಬಿಟ್ಟು ತನ್ನ ಮಣಿಕಟ್ಟಿಗೆ ಹೋಗಿದೆ. ಕೈ ನಡುಗುತ್ತಿದೆಯಾ? ಒಳಗಿನಿಂದ ಅನ್ನಿಸುವ ನಡುಕವೇ ಹೊರಗಿನವರಿಗೂ ಅಷ್ಟೇ ಜೋರಾಗಿ ಕಾಣುತ್ತಿದೆ ಎಂದು ಅವನು ನಂಬುತ್ತಾನೆ. ನಡುಕ ಮುಚ್ಚಲು ಸೌಟಿನ ಹಿಡಿಯನ್ನು ಬಿಗಿಯಾಗಿ ಅದುಮುತ್ತಾನೆ; ಬಿಗಿ ಹಿಡಿದಷ್ಟೂ ಸ್ನಾಯು ಹೆಚ್ಚು ನಡುಗುತ್ತದೆ. ಅರ್ಧ ಸೌಟೇ ತುಂಬುತ್ತಾನೆ, ಯಾರ ಮುಖವನ್ನೂ ನೋಡುವುದಿಲ್ಲ. ‘ಸಾಕು’ ಅಂದದ್ದು ಕೇಳದೆ ಇನ್ನೊಮ್ಮೆ ಸುರಿಯುತ್ತಾನೆ. ರಾತ್ರಿ ಮಲಗಿದ ಮೇಲೆ ಅದೇ ಪಂಕ್ತಿಯನ್ನು ಮತ್ತೆ ಮತ್ತೆ ಮೆಲುಕು ಹಾಕಿ, ಪ್ರತಿ ಸಲ ಇನ್ನಷ್ಟು ಕೆಟ್ಟದಾಗಿ ನೆನೆಯುತ್ತಾನೆ. ಮುಂದಿನ ಕಾರ್ಯಕ್ಕೆ ಜ್ವರದ ನೆಪ ರೆಡಿ.

ಬಿಗಿ ಹಿಡಿಯುವುದು, ಅರ್ಧ ತುಂಬುವುದು, ತಲೆ ತಗ್ಗಿಸುವುದು, ಇವನ್ನೆಲ್ಲ ಬಚಾವಾಗುವ ಉಪಾಯಗಳು ಎಂದು ಕರೆಯೋಣ. ಇವುಗಳ ಕೇಡು ಎರಡು ಬಗೆಯದು. ಹಲವು ಸಲ ಇವೇ ವಿಚಿತ್ರವಾಗಿ ಕಾಣುತ್ತವೆ. ಅದಕ್ಕಿಂತ ಮುಖ್ಯವಾಗಿ, ಏನೂ ಆಗದೆ ಮುಗಿದರೆ ಅದರ ಯಶಸ್ಸು ಉಪಾಯದ ಖಾತೆಗೆ ಹೋಗುತ್ತದೆ. ‘ಜನ ನಿಜಕ್ಕೂ ಅಷ್ಟು ಗಮನಿಸುವುದಿಲ್ಲ’ ಎಂಬ ಪಾಠ ತಲೆಗೆ ಹತ್ತುವುದೇ ಇಲ್ಲ.

ಜನ ಗಮನಿಸುವುದು ಎಷ್ಟು? 2000ರಲ್ಲಿ ಪ್ರಕಟವಾದ ಕಾರ್ನೆಲ್ ವಿಶ್ವವಿದ್ಯಾಲಯದ ಒಂದು ಪ್ರಯೋಗದಲ್ಲಿ, ಮುಜುಗರ ತರುವಂಥ ಚಿತ್ರವಿದ್ದ ಟೀ ಶರ್ಟ್ ತೊಡಿಸಿ ವಿದ್ಯಾರ್ಥಿಗಳನ್ನು ಸಹಪಾಠಿಗಳ ಕೋಣೆಗೆ ಕಳಿಸಿದರು. ಸುಮಾರು ಅರ್ಧದಷ್ಟು ಜನ ಆ ಚಿತ್ರವನ್ನು ಗುರುತಿಸಿರುತ್ತಾರೆ ಎಂದು ತೊಟ್ಟವರ ಅಂದಾಜು. ನಿಜವಾಗಿ ಗುರುತಿಸಿದವರು ಕಾಲು ಭಾಗದಷ್ಟು. ಇವರು ಸಾಮಾನ್ಯ ವಿದ್ಯಾರ್ಥಿಗಳು. ಆತಂಕ ಇರುವವರ ಅಂದಾಜು ಇನ್ನಷ್ಟು ಮೇಲಕ್ಕೇರುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಜೊತೆಗಾರರಿಂದ ಆಗುವುದು, ಆಗದಿರುವುದು

ಮೊದಲು ಆಗದಿರುವುದನ್ನು ಹೇಳಿಬಿಡೋಣ. ಗುಂಪು ಚಿಕಿತ್ಸೆಗೆ ಬದಲಿಯಲ್ಲ. ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಎಂದು ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2013ರಲ್ಲಿ ಹೊರಡಿಸಿದ ಮಾರ್ಗಸೂಚಿ, ವಯಸ್ಕರಿಗೆ ಮೊದಲ ಆಯ್ಕೆಯಾಗಿ ಸೂಚಿಸುವುದು ತರಬೇತಿ ಪಡೆದವರು ಒಬ್ಬೊಬ್ಬರಿಗೇ ಕೊಡುವ ಅರಿವು-ವರ್ತನೆ ಚಿಕಿತ್ಸೆಯನ್ನು (ಸಿಬಿಟಿ), ಅಂದರೆ ಯೋಚನೆಯ ಬಗೆಯನ್ನೂ ನಡವಳಿಕೆಯನ್ನೂ ಬದಲಿಸಲು ಕಲಿಸುವ ಮಾತಿನ ಚಿಕಿತ್ಸೆಯನ್ನು. ಮಾತ್ರೆ ಬೇಕಾದವರಿಗೆ ಎಸಿಟಾಲೊಪ್ರಾಮ್, ಸರ್ಟ್ರಲಿನ್‌ನಂಥವು ಇವೆ. ಅವು ಕೆಲಸ ತೋರಿಸಲು ಹಲವು ವಾರ ಹಿಡಿಯುತ್ತವೆ, ವೈದ್ಯರನ್ನು ಕೇಳದೆ ಥಟ್ಟನೆ ನಿಲ್ಲಿಸುವಂತಿಲ್ಲ.

ಚಿಕಿತ್ಸಕರ ಕೋಣೆಯಲ್ಲಿ ಸಿಗದ ಒಂದು ಸಂಗತಿ ಗುಂಪಿನಲ್ಲಿ ಸಿಗುತ್ತದೆ: ಸಾಕ್ಷಿ. ಸಾರು ಬಡಿಸಿದ ಹುಡುಗನಿಗೆ ‘ಎಲ್ಲರೂ ನನ್ನ ಕೈಯನ್ನೇ ನೋಡಿದರು’ ಎಂದು ಖಾತ್ರಿ. ಅದೇ ಪಂಕ್ತಿಯ ತುದಿಯಲ್ಲಿ ಕೂತಿದ್ದ ಜೊತೆಗಾರ ‘ಮೂವತ್ತು ಜನರಲ್ಲಿ ತಲೆ ಎತ್ತಿದ್ದು ಇಬ್ಬರು, ಒಬ್ಬರು ಹಪ್ಪಳ ಕೇಳೋಕೆ’ ಎಂದು ಎಣಿಸಿ ಹೇಳಿದರೆ ಅದರ ತೂಕ ಬೇರೆ. ಅಂಜಿಕೆ ಏನೆಂದು ಬಲ್ಲವರೇ ಅದನ್ನು ಹೇಳಿದಾಗ ‘ನಿಮಗೇನು ಗೊತ್ತು’ ಎಂದು ತಳ್ಳಿಹಾಕಲೂ ಆಗುವುದಿಲ್ಲ. ಹಾಗಾಗಿ ಇಲ್ಲಿ ಹೇಳುವ ಎಲ್ಲ ಹೆಜ್ಜೆಗಳೂ ಜೊತೆಗಾರನನ್ನು ಒಳ್ಳೆಯ ಸಾಕ್ಷಿಯಾಗಿ ತಯಾರು ಮಾಡುವುದಕ್ಕೇ ಇವೆ. ಅವನು ರಕ್ಷಕನಾಗಲು ಹೊರಟ ದಿನ ಕೆಲಸ ಕೆಡುತ್ತದೆ.

ಗುಂಪಿಗಿಂತ ಮೊದಲು ವೈದ್ಯರನ್ನು ಕಾಣಬೇಕಾದವರು

ಸಾಯುವ ಯೋಚನೆ ಬರುತ್ತಿದ್ದರೆ, ಊಟ ನಿದ್ದೆ ಪೂರ್ತಿ ತಪ್ಪಿದ್ದರೆ, ಇಲ್ಲದ ದನಿಗಳು ಕೇಳಿಸುತ್ತಿದ್ದರೆ ಮೊದಲು ವೈದ್ಯರು, ಆಮೇಲೆ ಗುಂಪು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿ ಮಾತಾಡಬಹುದು. 2022ರ ಅಕ್ಟೋಬರ್‌ನಿಂದ ನಡೆಯುತ್ತಿದೆ. ಕಾರವಾರದಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆ ಇದೆ, ಘಟ್ಟದ ಮೇಲಿನವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ನಿಗದಿತ ಮಂಗಳವಾರಗಳಲ್ಲಿ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ವ್ಯವಸ್ಥೆಯೂ ಉಂಟು. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಮೊದಲೇ ಕೇಳಿಕೊಂಡು ಹೋಗಿ. ಫೋನ್ ಮಾಡಿ ವಿಚಾರಿಸುವುದೇ ಕಷ್ಟ ಎನ್ನುವವರಿಗೆ ಅದನ್ನೇ ಮೊದಲ ಅಭ್ಯಾಸ ಮಾಡಿಸಬಹುದು, ಜೊತೆಗಾರ ಪಕ್ಕದಲ್ಲಿ ಕೂತರೆ ಸಾಕು.

ಕುಡಿತದ ಬಗ್ಗೆ ಬಿಡಿಸಿ ಹೇಳಬೇಕು. ಗೋವಾ ಗಡಿ ಕಾರವಾರದಿಂದ ಕೂಗಳತೆಯಲ್ಲಿದೆ, ಅಲ್ಲಿ ಮದ್ಯ ಅಗ್ಗ. ‘ಒಂದು ಪೆಗ್ ಹಾಕಿದ್ರೆ ಮಾತು ತಾನಾಗೇ ಬರ್ತದೆ’ ಎನ್ನುವವರಲ್ಲಿ ಎಷ್ಟೋ ಜನರಿಗೆ ತಮಗಿರುವುದು ಸಾಮಾಜಿಕ ಆತಂಕ ಎಂಬುದೇ ಗೊತ್ತಿರುವುದಿಲ್ಲ. ಕುಡಿತ ಬಚಾವಾಗುವ ಉಪಾಯಗಳಲ್ಲೇ ದೊಡ್ಡದು, ಇಳಿದ ಮೇಲೆ ಆತಂಕವನ್ನು ಬಡ್ಡಿ ಸಮೇತ ವಾಪಸು ಕೊಡುತ್ತದೆ. ಅಭ್ಯಾಸದ ದಿನ ಒಂದು ತೊಟ್ಟೂ ಬೇಡ. ದಿನವೂ ಕುಡಿಯುವವರು ತಾವಾಗಿ ಒಮ್ಮೆಲೇ ನಿಲ್ಲಿಸುವುದು ಅಪಾಯ. ಅದಕ್ಕೂ ವೈದ್ಯರ ಸಲಹೆ ಬೇಕು. ಹಾಗೆಯೇ ಒಬ್ಬರ ಮಾತ್ರೆ ಇನ್ನೊಬ್ಬರಿಗೆ ಕೊಡುವುದು ಗುಂಪಿನಲ್ಲಿ ನಿಷಿದ್ಧ. ಭಾಷಣಕ್ಕೆ ಮೊದಲು ಎದೆ ಡವಗುಟ್ಟದಿರಲಿ ಎಂದು ಕೆಲವರಿಗೆ ಬರೆದುಕೊಡುವ ಪ್ರೊಪ್ರನೊಲಾಲ್, ಅಸ್ತಮಾ ಇರುವವರಿಗೆ ಉಸಿರು ಕಟ್ಟಿಸಬಲ್ಲದು. ನಿದ್ದೆ-ಆತಂಕದ ಕೆಲವು ಮಾತ್ರೆಗಳು ಚಟವಾಗುತ್ತವೆ.

ಜನ, ಜಾಗ, ಹೊತ್ತು

ಇಬ್ಬರಿಂದ ಶುರು ಮಾಡಿ. ಇಬ್ಬರು ಮೂರು ವಾರ ತಪ್ಪದೆ ಸೇರಿದ ಮೇಲೆ ಮೂರನೆಯವರನ್ನು ಕರೆಯಿರಿ. ಐದಾರು ಜನ ಹದವಾದ ಸಂಖ್ಯೆ. ಎಂಟು ದಾಟಿದರೆ ಮೂಲೆಯಲ್ಲಿ ಕೂತು ಮಾತಾಡದೆ ಎದ್ದು ಹೋಗುವ ಅವಕಾಶ ಸಿಗುತ್ತದೆ. ಹತ್ತಿರದ ನೆಂಟರು, ಒಂದೇ ಕಚೇರಿಯ ಮೇಲಧಿಕಾರಿ ಮತ್ತು ಕೈಕೆಳಗಿನವರು ಒಂದೇ ಗುಂಪಿನಲ್ಲಿ ಬೇಡ. ನಮ್ಮ ಕಡೆ ಮೂರು ಪ್ರಶ್ನೆ ಕೇಳಿದರೆ ಯಾರಿಗೂ ಯಾರದೋ ಸಂಬಂಧ ಸಿಕ್ಕಿಬಿಡುತ್ತದೆ, ಹಾಗಾಗಿ ‘ಯಾರ ಮಗ, ಯಾವ ಮನೆ’ ಎಂಬ ಪ್ರಶ್ನೆಗಳನ್ನು ಗುಂಪಿನಲ್ಲಿ ಕೇಳುವಂತಿಲ್ಲ ಎಂದೇ ನಿಯಮ ಮಾಡಿ. ಹೆಸರು ಸಾಕು.

ಗುಂಪನ್ನು ‘ಮಾತಿನ ಅಭ್ಯಾಸ’ ಎಂದು ಕರೆಯಿರಿ. ಅದು ನಿಜವೂ ಹೌದು, ಮನೆಯಲ್ಲಿ ಹೇಳಿ ಬರಲು ಸುಲಭವೂ ಹೌದು. ಹೆಣ್ಣುಮಕ್ಕಳಿಗೆ ಸಂಜೆಯ ಹೊತ್ತು ಮನೆಯಿಂದ ಹೊರಡುವುದೇ ಒಂದು ಚರ್ಚೆಯಾಗುವ ಕಡೆ, ಬೆಳಿಗ್ಗೆ ಹತ್ತೂವರೆ ಹನ್ನೊಂದಕ್ಕೆ ಹೆಂಗಸರದೇ ಗುಂಪು ಮಾಡುವುದು ಒಳ್ಳೆಯದು. ಶಿರಸಿ ಸುತ್ತಲಿನ ಹಳ್ಳಿಗಳಿಂದ ಬರುವವರಿದ್ದರೆ ಸಭೆಯ ವೇಳೆಯನ್ನು ಬಸ್ಸಿನ ವೇಳೆ ನೋಡಿಯೇ ಇಡಬೇಕು. ಕೊನೆಯ ಬಸ್ಸು ತಪ್ಪೀತು ಎಂಬ ಗಡಿಬಿಡಿ, ಅಂಜಿಕೆ ಬಂದ ಗಳಿಗೆಯಲ್ಲಿ ಎದ್ದು ಹೋಗಲು ಒಳ್ಳೆಯ ನೆಪವಾಗುತ್ತದೆ.

ಜಾಗದ ವಿಷಯಕ್ಕೆ ಬಂದರೆ, ಯಾರ ಮನೆಯೂ ಬೇಡ. ಮನೆಯವರು ಚಹಾ ತಂದಿಟ್ಟು ಬಾಗಿಲಲ್ಲೇ ನಿಲ್ಲುತ್ತಾರೆ. ಶಾಲೆ ಬಿಟ್ಟ ಮೇಲಿನ ಕೋಣೆ, ಗ್ರಂಥಾಲಯದ ಹಿಂಬದಿಯ ಕೋಣೆ, ಸಂಘದ ಸಭಾಭವನ, ಯಾವುದಾದರೂ ಆದೀತು, ಬಾಗಿಲು ಮುಚ್ಚುವಂತಿರಬೇಕು. ಕಾರವಾರದವರಿಗೆ ಟ್ಯಾಗೋರ್ ಕಡಲತೀರ ಇದೆ. ಪಕ್ಕಪಕ್ಕದಲ್ಲಿ ನಡೆಯುತ್ತ ಮಾತಾಡುವಾಗ ಕಣ್ಣಿಗೆ ಕಣ್ಣು ಕೊಡಬೇಕಾಗಿಲ್ಲ, ಅಲೆಯ ಸದ್ದಿನಲ್ಲಿ ಮಾತಿನ ನಡುವಿನ ಮೌನ ಭಾರವಾಗುವುದಿಲ್ಲ, ಹಾಗಾಗಿ ಮೊದಲ ಎರಡು ಭೇಟಿಗೆ ಇದು ಚೆನ್ನ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗೆ ಆ ಯೋಜನೆ ನಡೆಯುವುದಿಲ್ಲ, ಸೂರು ಮೊದಲೇ ಗೊತ್ತು ಮಾಡಿಡಿ. ಕೊಂಕಣಿ, ಹವಿಗನ್ನಡ, ನಾಡವರ ಮಾತು, ಉರ್ದು, ಯಾವುದು ಬಾಯಿಗೆ ಬರುತ್ತದೋ ಅದರಲ್ಲೇ ಮಾತಾಡಲಿ. ‘ನನ್ನ ಕನ್ನಡ ಸರಿಯಿಲ್ಲ’ ಎಂಬುದೇ ಈ ಜಿಲ್ಲೆಯ ಎಷ್ಟೋ ಜನರ ಅಂಜಿಕೆಯ ಬೇರು.

ಗುಟ್ಟು

ವೈದ್ಯರು ರೋಗಿಯ ಗುಟ್ಟು ಕಾಯಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ನಿಮ್ಮ ಗುಂಪಿಗೆ ಅಂಥ ಕಾನೂನಿನ ಬಲವಿಲ್ಲ. ಇರುವುದು ಕೊಟ್ಟ ಮಾತು ಮಾತ್ರ. ಆದ್ದರಿಂದ ಬರೆದಿಟ್ಟುಕೊಳ್ಳಿ. ಇಲ್ಲಿ ಕೇಳಿದ್ದನ್ನು ಗಂಡನಿಗೂ ಹೆಂಡತಿಗೂ ಹೇಳುವಂತಿಲ್ಲ. ಫೋಟೊ ಇಲ್ಲ. ವಾಟ್ಸಾಪ್ ಗುಂಪಿದ್ದರೆ ಅದು ಭೇಟಿಯ ದಿನ, ಜಾಗ ತಿಳಿಸಲಿಕ್ಕೆ ಮಾತ್ರ, ಹೆಸರು ನೋಡಿದರೆ ಯಾರಿಗೂ ಏನೂ ತಿಳಿಯಬಾರದು. ಒಂದೇ ಒಂದು ವಿನಾಯಿತಿ: ಯಾರದ್ದಾದರೂ ಜೀವಕ್ಕೆ ಅಪಾಯವೆಂದು ಕಂಡರೆ ಮನೆಯವರಿಗೋ ವೈದ್ಯರಿಗೋ ತಿಳಿಸುತ್ತೇವೆ ಎಂಬುದನ್ನು ಮೊದಲ ದಿನವೇ ಎಲ್ಲರಿಗೂ ಹೇಳಿ ಒಪ್ಪಿಗೆ ಪಡೆಯಿರಿ.

ಇನ್ನೊಂದು ಚಿಕ್ಕದಾದರೂ ಬಹಳ ಕಾಡುವ ವಿಷಯ. ಶಿರಸಿಯ ಮಾರಿಕಾಂಬಾ ಜಾತ್ರೆಯ ಗದ್ದಲದಲ್ಲಿ ಗುಂಪಿನ ಇಬ್ಬರು ಎದುರಾಬದುರಾದರು, ಒಬ್ಬರ ಜೊತೆ ಅತ್ತೆ ಇದ್ದಾರೆ. ಮಾತಾಡಿಸಬೇಕೋ ಬೇಡವೋ? ಇದನ್ನು ಆಗ ಯೋಚಿಸಲು ಬಿಡಬೇಡಿ, ಮೊದಲೇ ತೀರ್ಮಾನ ಮಾಡಿ. ಸುಲಭದ ನಿಯಮ: ಇಬ್ಬರೂ ತಲೆ ಆಡಿಸಿ ಮುಂದೆ ಹೋಗುವುದು, ಮನೆಯವರು ಜೊತೆಗಿರುವವರೇ ಮಾತು ಶುರು ಮಾಡಿದರೆ ಮಾತ್ರ ನಿಲ್ಲುವುದು. ‘ಹೆಂಗೆ ಪರಿಚಯ?’ ಎಂದು ಅತ್ತೆ ಕೇಳಿದರೆ ‘ಮಾತಿನ ಅಭ್ಯಾಸಕ್ಕೆ ಒಟ್ಟಿಗೆ ಹೋಗ್ತೀವಿ ಅತ್ತೆ’ ಎಂಬ ಒಂದೇ ಉತ್ತರ ಇಬ್ಬರ ಬಾಯಲ್ಲೂ ಬರಲಿ.

ಮೊದಲ ಭೇಟಿ

ಮುಕ್ಕಾಲು ಗಂಟೆ ಮೀರಬಾರದು. ಎಲ್ಲಕ್ಕಿಂತ ದೊಡ್ಡ ತಪ್ಪು, ಸಾಲಾಗಿ ಪರಿಚಯ ಹೇಳಿಸುವುದು. ಆರನೆಯವರಾಗಿ ಕೂತವರಿಗೆ ಮೊದಲ ಐದು ಜನ ಏನು ಹೇಳಿದರೆಂದು ಒಂದಕ್ಷರವೂ ಕೇಳಿಸಿರುವುದಿಲ್ಲ, ತಮ್ಮ ಸರದಿಯನ್ನು ಎಣಿಸುತ್ತ ಬೆವರಿರುತ್ತಾರೆ. ಬದಲಿಗೆ ಬಂದವರ ಕೈಗೆ ಏನಾದರೂ ಕೆಲಸ ಕೊಡಿ: ಖುರ್ಚಿ ಹಾಕುವುದು, ಲೋಟಕ್ಕೆ ಚಹಾ ಸುರಿಯುವುದು. ಅನಂತರ ಕರೆದವರೇ ನಿಯಮಗಳನ್ನು ಓದಲಿ. ಆಮೇಲೆ ಇಬ್ಬಿಬ್ಬರಾಗಿ ತಲಾ ನಾಲ್ಕು ನಿಮಿಷ ಮಾತು. ವಿಷಯ ಸಾದಾ ಆಗಿರಲಿ, ಇಲ್ಲಿಗೆ ಹೇಗೆ ಬಂದಿರಿ, ದಾರಿಯಲ್ಲಿ ಏನು ಕಂಡಿರಿ. ಕಷ್ಟ ಹೇಳಿಕೊಳ್ಳುವುದು ಈ ಭೇಟಿಯಲ್ಲಿ ಬೇಡವೇ ಬೇಡ. ಮೊದಲ ದಿನವೇ ಮನಸ್ಸು ಪೂರ್ತಿ ಬಿಚ್ಚಿದವರು ರಾತ್ರಿ ನಾಚಿ, ಎರಡನೇ ವಾರ ಬರುವುದೇ ಇಲ್ಲ. ಯಾರು ಯಾವಾಗ ಬೇಕಾದರೂ ‘ಪಾಸ್’ ಅನ್ನಬಹುದು, ಕಾರಣ ಕೇಳುವಂತಿಲ್ಲ.

ಎರಡನೇ ಭೇಟಿಯಿಂದ ಎಪ್ಪತ್ತೈದು ನಿಮಿಷ. ಹತ್ತು ನಿಮಿಷ ಚಹಾ. ಹದಿನೈದು ನಿಮಿಷ ಇಬ್ಬಿಬ್ಬರಾಗಿ ಕಳೆದ ವಾರದ ಅಭ್ಯಾಸದ ಚೀಟಿ (ವಿವರ ಮುಂದಿದೆ) ನೋಡುವುದು. ಅರ್ಧ ಗಂಟೆ ಅಭ್ಯಾಸ. ಹದಿನೈದು ನಿಮಿಷ ಮುಂದಿನ ವಾರದ ಚೀಟಿ ಬರೆಯುವುದು. ಕೊನೆಯ ಐದು ನಿಮಿಷ ಯಾರು ಯಾರಿಗೆ ಸಾಕ್ಷಿ ಎಂದು ಗೊತ್ತು ಮಾಡುವುದು. ನಡೆಸುವ ಹೊಣೆ ಪ್ರತಿ ವಾರ ಒಬ್ಬೊಬ್ಬರಿಗೆ, ಹೆಸರು ಬರೆದ ಚೀಟಿ ಎತ್ತಿ ಆರಿಸಿ. ಒಬ್ಬರೇ ನಡೆಸುತ್ತ ಹೋದರೆ ಅವರು ಮೇಷ್ಟ್ರಾಗುತ್ತಾರೆ, ಉಳಿದವರು ಮತ್ತೆ ಹಿಂದಿನ ಬೆಂಚಿನ ಮಕ್ಕಳಾಗುತ್ತಾರೆ.

ಚೀಟಿ ಮತ್ತು ಮೆಟ್ಟಿಲು

ಪ್ರತಿಯೊಬ್ಬರೂ ತಮಗೆ ಅಂಜಿಕೆ ತರುವ ಹತ್ತು ಸಂದರ್ಭಗಳನ್ನು ಬರೆದು, ಅಂಜಿಕೆ ಎಷ್ಟೆಂದು ಸೊನ್ನೆಯಿಂದ ನೂರರವರೆಗೆ ಅಂಕ ಹಾಕಲಿ. ಕಡಿಮೆಯಿಂದ ಹೆಚ್ಚಿಗೆ ಜೋಡಿಸಿದ ಈ ಪಟ್ಟಿಯೇ ಮೆಟ್ಟಿಲು. ಊಟದ ಮನೆಯ ಮೆಟ್ಟಿಲು ಹೀಗಿರಬಹುದು: ಉಪ್ಪು ಬಡಿಸುವುದು 20, ಪಲ್ಯ 30, ಅನ್ನ 45, ಮಜ್ಜಿಗೆ 60, ಸಾರು 70, ಹಿರಿಯರ ಪಂಕ್ತಿಗೆ ಪಾಯಸ 85. ಕಾರವಾರದ ಕಾಲೇಜು ಹುಡುಗಿಯ ಮೆಟ್ಟಿಲು ಬೇರೆ: ಬಸ್ಸಿನಲ್ಲಿ ಚಿಲ್ಲರೆ ಕೇಳಿ ಪಡೆಯುವುದು, ಗ್ಯಾಸ್ ಏಜೆನ್ಸಿಗೆ ಎಲ್ಲರೆದುರು ಫೋನ್ ಮಾಡುವುದು, ಮೀನಿನವಳ ಹತ್ತಿರ ದರ ಕೇಳಿ ಕೊಳ್ಳದೆ ಮುಂದೆ ಹೋಗುವುದು. ಕೊನೆಯದು ಗಟ್ಟಿಗರಿಗೂ ಸುಲಭವಲ್ಲ ಬಿಡಿ. ಸಹಕಾರಿ ಸಂಘದ ವಾರ್ಷಿಕ ಮಹಾಸಭೆಯಲ್ಲಿ ಎದ್ದು ನಿಂತು ಒಂದು ಪ್ರಶ್ನೆ ಕೇಳುವುದು ಅಡಿಕೆ ಬೆಳೆಗಾರರ ಪಟ್ಟಿಯಲ್ಲಿ ಸಾಮಾನ್ಯವಾಗಿ ತುದಿಯಲ್ಲೇ ಇರುತ್ತದೆ.

ಶುರು ಮಾಡಬೇಕಾದದ್ದು 30ರಿಂದ 50ರ ನಡುವಿನದನ್ನು. ಪ್ರತಿ ಅಭ್ಯಾಸಕ್ಕೂ ಒಂದು ಚೀಟಿ:

1. ಏನು, ಎಲ್ಲಿ, ಯಾವಾಗ ಮಾಡುತ್ತೇನೆ.
2. ಏನಾಗಬಹುದೆಂದು ಭಯ. ಕಣ್ಣಿಗೆ ಕಾಣುವಂತೆ, ಎಣಿಸಲು ಬರುವಂತೆ ಬರೆಯಬೇಕು.
3. ಹಾಗೇ ಆಗುತ್ತದೆ ಎಂದು ಎಷ್ಟು ಖಾತ್ರಿ, ನೂರಕ್ಕೆ.
4. ಯಾವ ಬಚಾವಾಗುವ ಉಪಾಯವನ್ನು ಬಿಡುತ್ತೇನೆ.
5. ಏನಾಯಿತು: ನಾನು ಕಂಡದ್ದು, ಸಾಕ್ಷಿ ಕಂಡದ್ದು.

ಎರಡನೇ ಸಾಲಿನಲ್ಲೇ ಹೆಚ್ಚಿನವರು ಎಡವುತ್ತಾರೆ. ‘ಮುಜುಗರ ಆಗುತ್ತೆ’ ಎಂದು ಬರೆದರೆ ಅದು ಖಂಡಿತ ನಿಜವಾಗುತ್ತದೆ, ಪರೀಕ್ಷೆಗೆ ಏನೂ ಉಳಿಯುವುದಿಲ್ಲ. ‘ಮಜ್ಜಿಗೆ ಬಡಿಸುವಾಗ ಕನಿಷ್ಠ ಐದು ಜನ ನನ್ನ ಕೈ ನೋಡುತ್ತಾರೆ, ಒಬ್ಬರಾದರೂ ಎಂತಾತು ಅಂತ ಕೇಳುತ್ತಾರೆ’ ಎಂದು ಬರೆದರೆ ಎಣಿಸಬಹುದು. ನಾಲ್ಕನೇ ಸಾಲಿನಲ್ಲಿ ‘ಸೌಟು ಪೂರ್ತಿ ತುಂಬುತ್ತೇನೆ, ಪ್ರತಿಯೊಬ್ಬರ ಮುಖ ನೋಡಿ ಬೇಕಾ ಅಂತ ಕೇಳುತ್ತೇನೆ’ ಎಂದು ಇರಲಿ. ಮುಖ ನೋಡಿದಾಗ ಗಮನ ತಾನಾಗಿ ಕೈಯಿಂದ ಹೊರಗೆ ಹೋಗುತ್ತದೆ. ಸಾಕ್ಷಿ ಎಣಿಸಬೇಕಾದದ್ದೂ ಅದನ್ನೇ: ಎಷ್ಟು ಜನ ನೋಡಿದರು, ಯಾರು ಏನು ಅಂದರು. ‘ಸೂಪರ್ ಆಗಿ ಮಾಡಿದೆ’ ಎಂಬ ಶಭಾಷ್‌ಗಿರಿ ಬೇಡ. ಅದನ್ನು ಆತಂಕ ಇರುವ ಮನಸ್ಸು ನಂಬುವುದೂ ಇಲ್ಲ.

ಮಜ್ಜಿಗೆ ಚೆಲ್ಲಿದರೆ? ಚೆಲ್ಲಲಿ. ನಾಲ್ಕೈದು ವಾರದ ನಂತರ ಬೇಕೆಂದೇ ಒಂದು ಹನಿ ಎಲೆಯಾಚೆ ಬೀಳಿಸುವುದನ್ನೂ ಅಭ್ಯಾಸದಲ್ಲಿ ಸೇರಿಸಿ. ಚೆಲ್ಲಿದ ಮೇಲೆ ಜನ ಎಷ್ಟು ಸೆಕೆಂಡು ಅದನ್ನು ನೋಡಿದರು ಎಂದು ಸಾಕ್ಷಿ ಹೇಳಲಿ. ಅಭ್ಯಾಸದ ಹೊತ್ತಿನಲ್ಲಿ ಅಂಜಿಕೆ ಇಳಿಯಲೇಬೇಕೆಂದಿಲ್ಲ. ಎದೆ ಹೊಡೆದುಕೊಳ್ಳುತ್ತಿರುವಾಗಲೇ ಕೆಲಸ ಮುಗಿದು, ಊಹಿಸಿದ್ದು ಆಗಲಿಲ್ಲ ಎಂದು ಗೊತ್ತಾದರೆ ಆ ದಿನದ ಕಲಿಕೆ ಆಯಿತು. ಒಂದೇ ಅಭ್ಯಾಸವನ್ನು ಬೇರೆ ಬೇರೆ ಮನೆ, ಬೇರೆ ಜನರೆದುರು ಮೂರ್ನಾಲ್ಕು ಸಲ ಮಾಡಿದ ಮೇಲೆ ಮುಂದಿನ ಮೆಟ್ಟಿಲು.

ಮೊಬೈಲ್ ಇದಕ್ಕೆ ಒಳ್ಳೆಯ ಸಾಧನ. ಗುಂಪಿನ ಮುಂದೆ ಎರಡು ನಿಮಿಷ ಮಾತಾಡುವುದನ್ನು ಚಿತ್ರೀಕರಿಸಿ. ನೋಡುವ ಮೊದಲು ‘ಏನು ಕಾಣುತ್ತದೆ’ ಎಂದು ಬರೆಸಿ: ಮುಖ ಎಷ್ಟು ಕೆಂಪು, ಎಷ್ಟು ಸಲ ತಡವರಿಕೆ. ಆಮೇಲೆ ಟಿವಿಯಲ್ಲಿ ಯಾರೋ ಅಪರಿಚಿತರನ್ನು ನೋಡಿದಂತೆ ನೋಡಲು ಹೇಳಿ. ‘ಆಗ ನನಗೆ ಹೇಗನ್ನಿಸಿತು’ ಎಂದು ನೆನೆಯುತ್ತ ನೋಡಿದರೆ ಉಪಯೋಗವಿಲ್ಲ. ಚಿತ್ರೀಕರಣ ಅವರವರ ಫೋನಿನಲ್ಲೇ ಆಗಬೇಕು, ನೋಡಿದ ಕೂಡಲೇ ಅಳಿಸಬೇಕು.

ಎಲ್ಲಿ ಕೆಡುತ್ತದೆ

ಅತಿ ಸಾಮಾನ್ಯವಾದ ಕೇಡು, ಗುಂಪು ದುಃಖ ತೋಡಿಕೊಳ್ಳುವ ಜಾಗವಾಗುವುದು. ಒಬ್ಬರು ಕಳೆದ ವಾರದ ಅವಮಾನ ಹೇಳುತ್ತಾರೆ, ಇನ್ನೊಬ್ಬರು ‘ನಂದೂ ಹಂಗೇ’ ಎನ್ನುತ್ತಾರೆ, ಮೂರನೆಯವರು ಹಳೆಯದೊಂದನ್ನು ಕೆದಕುತ್ತಾರೆ. ಎಲ್ಲರಿಗೂ ಹತ್ತಿರವಾದಂತೆ ಅನ್ನಿಸುತ್ತದೆ, ಆದರೆ ಮನೆಗೆ ಹೋಗುವಾಗ ಮನಸ್ಸು ಭಾರ. ಹೀಗೆ ಜೊತೆಯಾಗಿ ಮೆಲುಕು ಹಾಕುವುದು ಸ್ನೇಹವನ್ನೂ ಖಿನ್ನತೆಯನ್ನೂ ಒಟ್ಟಿಗೇ ಬೆಳೆಸುತ್ತದೆ ಎಂದು ಹದಿಹರೆಯದ ಹೆಣ್ಣುಮಕ್ಕಳ ಮೇಲಿನ ಅಧ್ಯಯನಗಳು ತೋರಿಸಿವೆ. ತಡೆಯುವ ಬಗೆ: ಒಂದು ಘಟನೆಗೆ ಐದೇ ನಿಮಿಷ, ಆಮೇಲೆ ಒಂದೇ ಪ್ರಶ್ನೆ, ‘ಇದರಿಂದ ಮುಂದಿನ ಚೀಟಿ ಏನು?’

ಎರಡನೆಯದು, ಜೊತೆಗಾರನೇ ಊರುಗೋಲಾಗುವುದು. ಅವನಿದ್ದರೆ ಬ್ಯಾಂಕಿಗೆ ಹೋಗುತ್ತಾರೆ, ಇಲ್ಲದಿದ್ದರೆ ಇಲ್ಲ. ಇದಕ್ಕೆ ಮದ್ದನ್ನು ಶುರುವಿನಲ್ಲೇ ಯೋಜಿಸಬೇಕು: ಮೊದಲ ಸಲ ಪಕ್ಕದಲ್ಲಿ, ಮುಂದಿನ ಸಲ ಹತ್ತು ಹೆಜ್ಜೆ ದೂರದ ಬೆಂಚಿನಲ್ಲಿ, ಆಮೇಲೆ ಬಾಗಿಲ ಹೊರಗೆ, ಆಮೇಲೆ ಮನೆಯಲ್ಲಿದ್ದು ಸಂಜೆ ಫೋನಿನಲ್ಲಿ. ಕೌಂಟರಿನಲ್ಲಿ ಮಾತು ನಿಂತಾಗ ಜೊತೆಗಾರ ಬಾಯಿ ಹಾಕಿ ಪೂರ್ತಿ ಮಾಡಬಾರದು. ಆ ಐದು ಸೆಕೆಂಡು ತಾಳಿಕೊಳ್ಳುವುದು ಜೊತೆಗಾರನಿಗೇ ಹೆಚ್ಚು ಕಷ್ಟ.

ಅಭ್ಯಾಸದ ನಡುವೆ ಎದೆ ಬಡಿತ, ಉಸಿರುಗಟ್ಟಿದಂತಾಗುವುದು ಜೋರಾದರೆ ಓಡಿಹೋಗದೆ ಅಲ್ಲೇ ನಿಲ್ಲುವುದು ಉತ್ತಮ. ಸುತ್ತಲಿನ ಗೋಡೆಯ ಬಣ್ಣ, ಬೋರ್ಡಿನ ಅಕ್ಷರ ನೋಡುತ್ತ ಗಮನವನ್ನು ಹೊರಗೆ ತಿರುಗಿಸಲಿ. ‘ಉಸಿರು ಎಳೆದುಕೋ, ನೀರು ಕುಡಿ’ ಎಂದು ಸುತ್ತ ಮುತ್ತಿಕೊಳ್ಳಬೇಡಿ. ಎದೆನೋವು ಹೊಸದಾಗಿದ್ದರೆ, ತೋಳಿಗೆ ಹಬ್ಬುತ್ತಿದ್ದರೆ ಆತಂಕವೆಂದು ಊಹಿಸುತ್ತ ಕೂರದೆ ಆಸ್ಪತ್ರೆಗೆ ಒಯ್ಯಿರಿ.

ಒಂದು ವಾರ ಬಾರದವರಿಗೆ ಮರುದಿನ ಒಂದೇ ಸಂದೇಶ: ‘ಮುಂದಿನ ಬುಧವಾರ ಅದೇ ಜಾಗ, ಅದೇ ಹೊತ್ತು. ಬಂದರೆ ಸಂತೋಷ.’ ಯಾಕೆ ಬರಲಿಲ್ಲ ಎಂದು ಕೇಳಬೇಡಿ. ನೆಪ ಹುಡುಕುವುದೇ ಅವರಿಗೆ ಎರಡನೇ ಅವಮಾನವಾಗುತ್ತದೆ. ಎರಡು ವಾರ ತಪ್ಪಿದರೆ ಅವರ ಜೋಡಿ ಹೋಗಿ ಒಂದು ಚಹಾ ಕುಡಿದು ಬರಲಿ. ಕೈಸಾಲ, ಮದುವೆ ಸಂಬಂಧ, ಪಾಲಿಸಿ ಮಾರಾಟ ಗುಂಪಿನೊಳಗೆ ಬಂದರೆ ಅವತ್ತೇ ನಿಲ್ಲಿಸಿ.

ಜೊಯಿಡಾದಂಥ ದೂರದ ಕಡೆಯವರು ವಿಡಿಯೊ ಕರೆಯಲ್ಲಿ ಸೇರಬಹುದು. ಮೊದಲ ಎರಡು ಸಲ ಕ್ಯಾಮೆರಾ ಮುಚ್ಚಿದ್ದರೂ ನಡೆದೀತು, ಮೂರನೇ ಸಲದಿಂದ ತೆರೆದಿರಬೇಕು, ತಮ್ಮ ಮುಖ ತಮಗೇ ಕಾಣದಂತೆ ಆ ಚೌಕವನ್ನು ಮರೆ ಮಾಡಿ.

ಮನೆಯವರಿಗೆ

‘ಮಾತಾಡೋ, ಬಾಯಲ್ಲಿ ಕಡುಬು ಇಟ್ಕಂಡಿದ್ಯಾ’ ಎಂದು ನೆಂಟರೆದುರು ದೂಡುವುದೂ, ‘ಅವನಿಗೆ ಸಂಕೋಚ’ ಎಂದು ಅವನ ಪರವಾಗಿ ಎಲ್ಲದಕ್ಕೂ ತಾವೇ ಉತ್ತರಿಸುವುದೂ ಒಂದೇ ಫಲ ಕೊಡುತ್ತವೆ. ಕೇಳಿದ್ದಕ್ಕೆ ಅವನೇ ಉತ್ತರಿಸುವವರೆಗೆ ಸುಮ್ಮನಿರಿ. ಗುಂಪಿನಲ್ಲಿ ಏನಾಯಿತೆಂದು ವಿಚಾರಿಸಬೇಡಿ.

ಹನ್ನೆರಡು ವಾರದ ಕೊನೆಗೆ

ಮೊದಲ ವಾರ ಬರೆದಿಟ್ಟ ಆ ಮೂರು ಪ್ರಶ್ನೆಗಳ ಅಂಕವನ್ನು ಆರನೇ ವಾರ, ಹನ್ನೆರಡನೇ ವಾರ ಮತ್ತೆ ಹಾಕಿ. ಅದಕ್ಕಿಂತ ಚೀಟಿಗಳ ಕಟ್ಟು ಹೆಚ್ಚು ಹೇಳುತ್ತದೆ: ಮೂರನೇ ಸಾಲಿನ ಖಾತ್ರಿಯ ಅಂಕ ಇಳಿಯುತ್ತ ಬಂದಿದೆಯೇ, ಐದನೇ ಸಾಲಿನಲ್ಲಿ ನಿಮ್ಮ ನೋಟವೂ ಸಾಕ್ಷಿಯ ನೋಟವೂ ಹತ್ತಿರವಾಗುತ್ತಿವೆಯೇ. ಆರನೇ ವಾರದ ಹೊತ್ತಿಗೆ ಏನೂ ಅಲುಗದಿದ್ದರೆ ಅವರಿಗೆ ಗುಂಪು ಸಾಲದು. ಮೇಲೆ ಹೇಳಿದ ಆಸ್ಪತ್ರೆಗಳಲ್ಲೊಂದಕ್ಕೆ ಹೋಗಲು ನೆರವಾಗಿ, ಬೇಕಾದರೆ ಗುಂಪಿಗೂ ಬರುತ್ತಿರಲಿ.

ಅಂಕ ಇಳಿದವರು ತಿಂಗಳಿಗೊಮ್ಮೆ ಬಂದರೆ ಸಾಕು. ಮದುವೆ-ಮುಂಜಿಗಳ ಏಪ್ರಿಲ್, ಮೇ ತಿಂಗಳುಗಳಲ್ಲಿ ಮಾತ್ರ ಎಲ್ಲರೂ ವಾರವಾರ ಸೇರುವುದು ಮೇಲು, ಪಂಕ್ತಿಗಳು ಸಿಗುವುದೂ ಆಗಲೇ. ಹೊಸಬರು ಕಾಯುತ್ತಿದ್ದರೆ ಹಳೆಯ ಗುಂಪಿಗೆ ತುಂಬಬೇಡಿ. ಹಳಬರಲ್ಲಿ ಇಬ್ಬರು ಹೊರಬಂದು, ಇನ್ನೊಂದು ಕೋಣೆ ನೋಡಿಕೊಂಡು, ಹೊಸದೊಂದನ್ನು ಶುರು ಮಾಡಲಿ.